ರಣಹದ್ದಿನ ಕಿವಿ ಪರೀಕ್ಷೆ

ಸಿಡಿಲು: ನನ್ನ ಕಿವಿಗೆ ಏನೂ ಆಗಿಲ್ಲ. ಈಗಿನ ಜನಕ್ಕೆ ಬಾಯಿ ಬಿಟ್ಟು ಮಾತಾಡೋಕೆ ಬರಲ್ಲ, ಅಷ್ಟೇ.

ಅಕ್ಕ: ಊರಿಗೆ ಊರೇ ನಿಮ್ಮೊಬ್ಬರ ಹತ್ರ ಪಿಸುಗುಟ್ಟುತ್ತಾ? ನಿನ್ನೆ ಬೆಲ್ ಒತ್ತಿ ಒತ್ತಿ ನನ್ನ ಬೆರಳು ಸವೀತು. ಒಳಗೆ ಇವರು ಕಾಲು ಚಾಚ್ಕೊಂಡು ಪೇಪರ್ ಓದ್ತಿದ್ದಾರೆ!

ಸಿಡಿಲು: ಬೆಲ್ ಕೆಟ್ಟಿದೆ.

ಅಕ್ಕ: ಫೋನು?

ಸಿಡಿಲು: ಅದೂ ಕೆಟ್ಟಿದೆ.

ಅಕ್ಕ: ಮತ್ತೆ ನಾನು?

ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ದಡ್ಡ ಸಿಡಿಲು ಅಲ್ಲ. ಅವನು ಸದ್ದು ತಡೆಯಲು ಗೋಡೆಗೆ ಅಂಟಿಸಿದ ಸ್ಪಂಜನ್ನು ಬೆರಳಿನಿಂದ ಅದುಮುತ್ತ ಕೂತ.

ಅದು ಕಿವಿ ಮಷೀನಿನ ಅಂಗಡಿಯ ಹಿಂದಿನ ಪುಟ್ಟ ಪರೀಕ್ಷಾ ಕೋಣೆ. ಮೇಜಿನಾಚೆ ಕೂತು ತನ್ನ ಅಕ್ಕ-ಭಾವನ ಜಗಳ ಕೇಳುತ್ತಿದ್ದವನು ಅಂಗಡಿಯ ಮಾಲೀಕ. ಒಂದು ಕಾಲದಲ್ಲಿ ಅವನೂ ಭಾವನೂ ‘ರಣಹದ್ದು’ ಎಂಬ ಹೆವಿ ಮೆಟಲ್ ಬ್ಯಾಂಡಿನಲ್ಲಿದ್ದರು. ಗಿಟಾರು ಹಿಡಿದು ವೇದಿಕೆಯ ತುಂಬ ಉರುಳಾಡುತ್ತಿದ್ದ ಭಾವ ‘ಸಿಡಿಲು’ ಎನಿಸಿಕೊಂಡ. ದಪ್ಪ ತಂತಿಯ, ತಗ್ಗು ದನಿಯ ಬೇಸ್ ಗಿಟಾರು ಹಿಡಿದು ನಿಂತಲ್ಲೇ ನಿಂತಿರುತ್ತಿದ್ದ ಇವನು ‘ಕಂಬ’. ನಾಲ್ಕು ಆಲ್ಬಮ್ ಮಾಡಿ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡು ಬ್ಯಾಂಡು ಮುಚ್ಚಿದರು. ಸಿಡಿಲು ಈಗ ಪರದೆ ಬಟ್ಟೆ ಮಾರುತ್ತಾನೆ. ನೆತ್ತಿಯ ಕೂದಲು ಬ್ಯಾಂಡಿನ ಜೊತೆಗೇ ಹೋಯಿತು. ಹಿಂದಿನ ಜುಟ್ಟು ಮಾತ್ರ ಸುದ್ದಿ ಇನ್ನೂ ತಲುಪಿಲ್ಲವೇನೋ ಎಂಬಂತೆ ನೇತಾಡುತ್ತಿದೆ.

ಕಂಬನಿಗೆ ಹೊಟ್ಟೆಯೊಳಗೆ ಒಂದು ಹಳೇ ಉರಿ. ಆ ನಾಲ್ಕು ಆಲ್ಬಮ್ಮುಗಳಲ್ಲಿ ಅವನ ಬೇಸ್ ಕೇಳಿಸುವುದಿಲ್ಲ. ಪ್ರತಿ ಸಲವೂ ಕೊನೆಯಲ್ಲಿ ಸ್ಟುಡಿಯೋದಲ್ಲಿ ದನಿ ಹೆಚ್ಚು-ಕಮ್ಮಿ ಮಾಡುವ ಗುಂಡಿಗಳ ಮುಂದೆ ಕೂರುತ್ತಿದ್ದವನು ಸಿಡಿಲು; ಕಂಬನ ಗುಂಡಿಯನ್ನು ಕೆಳಗಿಳಿಸಿ, ತನ್ನದನ್ನು ಮೇಲೇರಿಸಿ, ‘ಮುಗೀತು’ ಎಂದು ಎದ್ದುಬಿಡುತ್ತಿದ್ದ. ಈಗ ರೇಡಿಯೋದವರು ‘ರಣಹದ್ದು: ಒಂದು ಹಿನ್ನೋಟ’ ಎಂದು ಕಾರ್ಯಕ್ರಮ ಮಾಡುತ್ತಿದ್ದಾರೆ. ನಾಳೆ ಅಲ್ಲಿ ಮಾತಾಡುವವನೂ ಸಿಡಿಲೇ. ಒಂದೇ ಒಂದು ಸಲ ಅವನ ಬಾಯಲ್ಲಿ ತನ್ನ ಹೆಸರು ಬಂದರೆ ಸಾಕು ಎಂದು ಕಂಬ ಆಸೆ ಕಟ್ಟಿಕೊಂಡಿದ್ದಾನೆ. ಕೇಳುವುದಕ್ಕೆ ನಾಚಿಕೆ.

ಕಂಬ: ಭಾವ, ಹೆಡ್‌ಫೋನಲ್ಲಿ ದನಿ ಬಂದಾಗ್ಲೆಲ್ಲ ಗುಂಡಿ ಒತ್ತಿ ಅಂದಿದ್ನಲ್ಲ. ಅರ್ಧಕ್ಕರ್ಧ ನೀವು ಒತ್ತಲೇ ಇಲ್ಲ.

ಸಿಡಿಲು: ದನಿ ಬಂದ್ರೆ ತಾನೇ ಒತ್ತೋದು? ಮೊದಲು ನಿನ್ನ ಮಷೀನ್ ರಿಪೇರಿ ಮಾಡಿಸು.

ಅಕ್ಕ: ಇಷ್ಟು ದೂರ ಕೂತಿರೋ ನನಗೇ ಕೀಂ ಅಂತ ಕೇಳಿಸ್ತು!

ಸಿಡಿಲು: ಲೋ, ನಾನು ಸಂಗೀತಗಾರ. ನನ್ನ ಕಿವಿ ಇಂಥ ಕೀಂಗೆಲ್ಲ ಬಗ್ಗಲ್ಲ.

ಕಂಬ: ಸರಿ, ನಿಮ್ಮ ಆಲ್ಬಮ್ಮೇ ಹಾಕ್ತೀನಿ. ಅದರ ಒಂದೊಂದು ಸ್ವರವೂ ನಿಮಗೆ ಬಾಯಿಪಾಠ. ಏನು ಕೇಳುತ್ತೆ, ಏನು ಕೇಳಲ್ಲ, ನೀವೇ ಹೇಳಿ.

ಕಂಬ ಕಪಾಟಿನಿಂದ ನಾಲ್ಕು ಸೀಡಿ ತಂದು ಮೇಜಿನ ಮೇಲೆ ಹರವಿದ. ಅಕ್ಕ ಮೂಗು ಮುರಿದಳು.

ಅಕ್ಕ: ಅಯ್ಯೋ, ಇವನ್ನ ಇನ್ನೂ ಇಟ್ಕೊಂಡಿದ್ದೀಯಾ? ಈ ‘ಮೂಳೆಗಳ ಮೆರವಣಿಗೆ’ ಕೇಳಿದ್ರೆ ನಾಲ್ಕು ಜನ ಒಟ್ಟಿಗೆ ಮೆಟ್ಟಿಲಿಂದ ಉರುಳಿದ ಹಾಗಿರುತ್ತೆ. ಎರಡನೇದು, ‘ನೆತ್ತರ ನಾಲಿಗೆ’. ಅದರಲ್ಲಿ ಒಬ್ಬೊಬ್ಬರಾಗಿ ಉರುಳಿದ್ರು. ಅದನ್ನ ಪೇಪರಿನವರು ಬೆಳವಣಿಗೆ ಅಂತ ಬರೆದ್ರು.

ಸಿಡಿಲು: ಕಲೆಯ ಗಂಧ ಗಾಳಿ ಇಲ್ಲದೋಳು!

ಅಕ್ಕ: ‘ಅಂತಿಮ ಶವಪೆಟ್ಟಿಗೆ’ ಅಂತ ಹೆಸರಿಟ್ಟಾಗ ಸದ್ಯ ಮುಗೀತಲ್ಲ ಅಂದ್ಕೊಂಡೆ. ವರ್ಷದೊಳಗೆ ‘ಶವಪೆಟ್ಟಿಗೆ ತೆರೆಯಿತು’! ನಿಮ್ಮ ಡ್ರಮ್ಮಿನವನು ಈಗ ಗಾಜಿನ ಸಾಮಾನು ಮಾರ್ತಾನೆ, ಒಂದು ಲೋಟಾನೂ ಒಡೆದಿಲ್ಲವಂತೆ. ಆ ಹದ ಆಗ ಎಲ್ಲಿ ಹೋಗಿತ್ತು?

ಕಂಬ ಮೊದಲ ಸೀಡಿಯ ಪ್ಲಾಸ್ಟಿಕ್ ಹರಿದು ಹಾಕಿದ. ಸ್ಪೀಕರಿನಿಂದ ಹಾಡು ನುಗ್ಗಿತು. ಅಕ್ಕ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಸಿಡಿಲು ಕಣ್ಣು ಮುಚ್ಚಿ ಗಾಳಿಯಲ್ಲಿ ಗಿಟಾರು ಬಾರಿಸಲು ಶುರುಮಾಡಿದವನು ಗಕ್ಕನೆ ನಿಂತ.

ಸಿಡಿಲು: ನನ್ನ ಗಿಟಾರ್ ಎಲ್ಲೋ?

ಅಕ್ಕ: ಎಲ್ಲಿ ಅಂತ ಬೇರೆ ಕೇಳ್ತಾರೆ! ನನ್ನ ಹಲ್ಲಿನ ಬುಡಕ್ಕೆ ಬಂದು ಕೂತಿದೆ!

ಸಿಡಿಲು: ಸುಳ್ಳು! ಬರೀ ಗುಂ ಗುಂ ಅಂತಿದೆ. ಲೋ ಕಂಬ, ಕಳ್ಳ ನನ್ಮಗನೇ! ಆಲ್ಬಮ್ಮಿಗೆ ಕೈ ಹಾಕಿದ್ದೀಯಾ! ನನ್ನ ಗಿಟಾರ್ ಅಳಿಸಿ ನಿನ್ನ ಬೇಸ್ ಏರಿಸಿದ್ದೀಯಾ! ನಾಳೆ ರೇಡಿಯೋದಲ್ಲಿ ಇದನ್ನೇ ಹಾಕ್ಸಿ ನನ್ನ ಮಾನ ಕಳೆಯೋ ಪ್ಲಾನಾ?

ಕಂಬ: ನಿಮ್ಮ ಕಣ್ಣೆದುರಿಗೇ ತಾನೇ ಕವರ್ ಹರಿದೆ ಭಾವ? ಮಾರಾಟ ಆಗದೆ ಉಳಿದ ಸೀಡಿ ಇದು. ಇದಕ್ಕೆ ಯಾರು ಕೈ ಹಾಕ್ತಾರೆ?

ಅಕ್ಕ: ಆಗ್ಲೂ ಯಾರೂ ಹಾಕ್ಲಿಲ್ಲ. ಮಂಚದ ಕೆಳಗೆ ಇನ್ನೂ ಎರಡು ಪೆಟ್ಟಿಗೆ ಇದೆ, ಬೇಕಾದ್ರೆ ತಂದು ನೋಡಿ.

ಕಂಬ ಎರಡನೆಯ ಆಲ್ಬಮ್ ಹಾಕಿದ, ಮೂರನೆಯದನ್ನೂ ಹಾಕಿದ. ಸಿಡಿಲಿನ ಮುಖ ಸಪ್ಪಗಾಯಿತು. ಕಂಬನಿಗೆ ಅಯ್ಯೋ ಅನಿಸಿತು. ಎಷ್ಟೆಂದರೂ ಭಾವ.

ಕಂಬ: ವರ್ಷಾನುಗಟ್ಟಲೆ ಆ ಗಿಟಾರಿನ ಕಿರುಚಾಟಕ್ಕೆ ಕಿವಿ ಕೊಟ್ಟು ಕೊಟ್ಟು, ಕೀರಲು ದನಿ ಹಿಡಿಯೋ ಭಾಗ ಸತ್ತುಹೋಗಿದೆ ಭಾವ. ತಗ್ಗು ದನಿ ಮಾತ್ರ ಉಳಿದಿದೆ.

ಅಕ್ಕ: ನೋಡಿದ್ಯಾ, ಇವರಿಗಿಂತ ಮೊದಲು ಇವರ ಕಿವಿಗೇ ಬುದ್ಧಿ ಬಂತು.

ಸಿಡಿಲು: ಶ್! ಇರು. ಲೋ, ಹಾಡು ನಿಲ್ಲಿಸ್ಬೇಡ... ಈ ಗುಂ ಗುಂ ಇದೆಯಲ್ಲ, ಇದು ಚೆನ್ನಾಗಿದೆ ಕಣೋ! ಎಷ್ಟು ನಿಧಾನ, ಎಷ್ಟು ಗಟ್ಟಿ! ಯಾರು ಬಾರಿಸ್ತಿರೋದು?

ಕಂಬ: ನಾನು.

ಸಿಡಿಲು: ನೀನಾ? ನಮ್ಮ ಆಲ್ಬಮ್ಮಲ್ಲಾ? ಯಾವಾಗ?

ಕಂಬ: ನಾಲ್ಕರಲ್ಲೂ, ಭಾವ.

ಈ ಒಂದು ಮಾತಿಗಾಗಿ ಕಂಬ ಅರ್ಧ ಆಯಸ್ಸು ಕಾದಿದ್ದ. ಕಣ್ಣು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಮಷೀನು ಒರೆಸುವ ಬಟ್ಟೆ.

ಸಿಡಿಲು: ಇಂಥ ಕೈಯನ್ನ ನಾನು ಕಮ್ಮಿ ಮಾಡಿಟ್ಟಿದ್ನಾ? ಎಂಥ ಮೂರ್ಖ ನಾನು! ನಾಳೆ ರೇಡಿಯೋದಲ್ಲಿ ಮೊದಲು ಹೇಳೋದೇ ನಿನ್ನ ವಿಷಯ. ರಣಹದ್ದು ನಿಂತಿದ್ದೇ ಕಂಬನ ಮೇಲೆ ಅಂತೀನಿ!

ಅಕ್ಕ: ಆಯ್ತಾ ನಿಮ್ಮಿಬ್ಬರ ಮೆರವಣಿಗೆ? ಲೋ, ಬೇಗ ಮಷೀನ್ ಹಾಕು. ಸಂಜೆಯೊಳಗೆ ಮನೆಗೆ ಹೋಗಿ ಇವರ ಹತ್ರ ಮೆತ್ತಗೆ ಒಂದು ಮಾತಾಡ್ಬೇಕು ನಾನು.

ಕಂಬ ಖುಷಿಯ ಭರದಲ್ಲಿ ಅಂಗಡಿಯ ಅತ್ಯುತ್ತಮ ಮಷೀನನ್ನೇ ತೆಗೆದು ಭಾವನ ಕಿವಿಗೆ ಸಿಕ್ಕಿಸಿದ. ಹಾಡು ಮುಂದುವರಿಯಿತು. ಸಿಡಿಲು ಕುರ್ಚಿಯಿಂದ ಚಂಗನೆ ಎಗರಿದ.

ಸಿಡಿಲು: ಬಂದೆ! ನಾನು ಬಂದೆ! ಕೇಳು ಆ ಬೆರಳಿನ ಓಟ! ಸಂಗೀತ ಅಂದ್ರೆ ಇದಪ್ಪಾ!... ಲೋ, ಹಿಂದೆ ಏನೋ ಗುಂಯ್ಗುಡ್ತಿದೆಯಲ್ಲ, ಫ್ರಿಜ್ಜಾ? ಆರಿಸು ಅದನ್ನ.

ಕಂಬ: ಅದು ನಾನು, ಭಾವ.

ಸಿಡಿಲು: ಓ. ಹಾಗಾದ್ರೆ ಕಮ್ಮಿ ಮಾಡು.

ಕಂಬ: ನಾಳೆ ರೇಡಿಯೋದಲ್ಲಿ ಏನೋ ಹೇಳ್ತೀನಿ ಅಂದ್ರಿ...

ಸಿಡಿಲು: ಹೇಳೋದೇನು? ನಾಲ್ಕೂ ಆಲ್ಬಮ್ ಗಿಟಾರಿಂದಲೇ ಬದುಕಿದ್ದು ಅಂತೀನಿ. ಆದ್ರೆ ಈ ಮಷೀನ್ ಹೊರಗೆ ಕಾಣುತ್ತೇನೋ? ಸಿಡಿಲು ಮುದುಕನಾದ ಅಂತಾರಲ್ಲ!

ಕಂಬ ಭಾವನ ಕಿವಿಯಿಂದ ಮಷೀನು ಕಿತ್ತ.

ಸಿಡಿಲು: ಅಯ್ಯೋ, ಮತ್ತೆ ಹೋಯ್ತು ನನ್ನ... ಆಹಾ! ಬಂತು ನೋಡು ಬೇಸು! ಏನು ಕೈಯೋ ನಿಂದು!

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಕ್ಕ: ಲೋ ಕಂಬ, ಇಷ್ಟು ವರ್ಷಕ್ಕೆ ನಿನ್ನ ಬೇಸಿಗೆ ಒಬ್ಬ ಅಭಿಮಾನಿ ಸಿಕ್ಕಿದ್ದಾನೆ, ಅವನೂ ಕಿವುಡ. ಅವನನ್ನೂ ವಾಸಿ ಮಾಡೋಕೆ ಹೊರಟಿದ್ದೀಯಲ್ಲೋ ಪೆದ್ದ!

ಅವಳಿಗೆ ಅದು ತಮಾಷೆ. ಕಂಬನಿಗೆ ಹಾಗನ್ನಿಸಲಿಲ್ಲ. ಅವನು ಕೈಯಲ್ಲಿದ್ದ ಮಷೀನನ್ನು ನೋಡಿದ, ತಲೆಯಾಡಿಸುತ್ತ ಬೇಸ್ ಸವಿಯುತ್ತಿದ್ದ ಭಾವನನ್ನು ನೋಡಿದ. ಆಮೇಲೆ ಮಷೀನನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಡ್ರಾಯರಿಗೆ ಹಾಕಿ, ಡ್ರಾಯರಿಗೆ ಬೀಗ ಹಾಕಿದ.

ಕಂಬ (ಬೇಸಿನಂಥ ತಗ್ಗು ದನಿಯಲ್ಲಿ, ಗಟ್ಟಿಯಾಗಿ): ಭಾವ, ನಿಮ್ಮ ಕಿವಿ ಚೆನ್ನಾಗೇ ಇದೆ. ಮಷೀನ್ ಗಿಷೀನ್ ಏನೂ ಬೇಡ.

ಸಿಡಿಲು: ಕೇಳಿಸ್ತೇನೇ? ಈ ವಿಷಯ ಓದಿಕೊಂಡಿರೋನೇ ಹೇಳ್ತಿದ್ದಾನೆ!

ಅಕ್ಕ: ಲೋ ದ್ರೋಹಿ! ಕಿರುಚಿ ಕಿರುಚಿ ನನ್ನ ಗಂಟಲು ಹರಿದುಹೋಗಿದೆ. ನನ್ನ ಗತಿ ಏನೋ?

ಕಂಬ: ಕಿರುಚೋದೇ ತಪ್ಪು ಅಕ್ಕ. ಇನ್ಮೇಲೆ ಗಂಡಸಿನ ದನೀಲಿ ಬೈಯಿ, ಭಾವ ತಲೆದೂಗ್ತಾರೆ.