ಮೌನಪ್ಪನ ಬೆವರು

ಮೌನಪ್ಪ ಆ ಹೊತ್ತಿನಲ್ಲಿ ಮುಖ ಒರೆಸಿಕೊಳ್ಳಬಾರದಿತ್ತು. ಒರೆಸಿಕೊಂಡರೂ ಟವೆಲ್ಲು ಹಿಂಡಬಾರದಿತ್ತು. ಹಿಂಡಿದರೂ ಪಕೀರಪ್ಪನ ಎದುರಿಗೆ ಹಿಂಡಬಾರದಿತ್ತು. ಈ ಮೂರೂ ತಪ್ಪನ್ನು ಅವನು ಬೆಳಬೆಳಿಗ್ಗೆ ಒಗ್ಗರಣಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತು, ಒಂದರ ಹಿಂದೊಂದು ಮಾಡಿ ಮುಗಿಸಿದ.

"ಬೆವರ್ಯಾನೋ!" ಎಂದು ಕೂಗಿದ ಪಕೀರಪ್ಪ, ಬಾಯಲ್ಲಿದ್ದ ಮಂಡಕ್ಕಿಯನ್ನು ನಾಲ್ಕೂ ದಿಕ್ಕಿಗೆ ಹಾರಿಸುತ್ತ. "ಮೌನಪ್ಪ ಬೆವರ್ಯಾನೋ! ಸಂಜಿಗಿ ಮಳಿ! ಏಳ್ರಿ, ನೆಲ್ಲು ಮುಚ್ಚರಿ!"

ಹಿರೇಕೊಟ್ನೆಕಲ್ಲಿನವರು ಬೇಸಿಗೆಯ ಭತ್ತ ಕೊಯ್ದು ಊರ ಮುಂದಿನ ಡಾಂಬರು ರಸ್ತೆಯುದ್ದಕ್ಕೂ ಒಣಹಾಕಿದ್ದ ದಿನಗಳವು. ಮಾನ್ವಿ ಕಡೆಯ ಬಿಸಿಲೆಂದರೆ ಒಣ ಬಿಸಿಲು, ಬೆವರು ಮೂಡುವುದರೊಳಗೆ ಆರಿಸಿಬಿಡುವಂಥದ್ದು. ಈಚಿನ ಬೇಸಿಗೆಗಳಲ್ಲಿ ಅದಕ್ಕೇನು ಬಡಿಯಿತೋ ಕಾಣೆ, ನಡುನಡುವೆ ಒಂದೊಂದು ದಿನ ಗಾಳಿ ನಿಂತು, ಮೈಯೆಲ್ಲ ಅಂಟಂಟಾಗಿ, ಸಂಜೆಗೆ ಹೇಳದೆ ಕೇಳದೆ ಮಳೆ ಸುರಿದು, ಒಣಗಿದ ಭತ್ತವೆಲ್ಲ ಮತ್ತೆ ನೆನೆಯುತ್ತಿತ್ತು. ಮೊಬೈಲು ಒಂದು ಹೇಳಿದರೆ ಆಕಾಶ ಇನ್ನೊಂದು ಮಾಡುತ್ತಿತ್ತು. ಹೋದ ವರ್ಷ ಅಂಥದೇ ಒಂದು ದಿನ, ಒಂದು ತುಣುಕು ಮೋಡವಿಲ್ಲದಿದ್ದಾಗ ಮೌನಪ್ಪನ ಅಂಗಿ ಮಾತ್ರ ಬೆಳಿಗ್ಗೆಯೇ ತೊಯ್ದಿತ್ತು. ಸಂಜೆ ಆಲಿಕಲ್ಲು ಬಿತ್ತು. ಮತ್ತೊಮ್ಮೆಯೂ ಹಾಗೇ ಆಯಿತು. ಅಷ್ಟು ಸಾಕಲ್ಲ? ಪಕ್ಕದ ಮನೆಯ ಪಕೀರಪ್ಪ ತೀರ್ಪು ಕೊಟ್ಟೇಬಿಟ್ಟ: ಮೌನಪ್ಪ ಬೆವರಿದರೆ ಮಳೆ, ಬೆವರದಿದ್ದರೆ ಬಿಸಿಲು. ಅಂದಿನಿಂದ ಓಣಿಯವರು ಮೊಬೈಲು ನೋಡುವುದು ಬಿಟ್ಟು ಮೌನಪ್ಪನ ಬೆನ್ನು ನೋಡತೊಡಗಿದರು.

ಇದರಿಂದ ಅವನಿಗೇನು ಸಿಕ್ಕಿತು? ಮಣ್ಣು. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಕೂಲರ್. ಅದರ ಎದುರು ಅಂಗಿ ಬಿಚ್ಚಿ ಮಲಗಬೇಕು, ಮೈ ಒಣಗಬೇಕು, ಅಷ್ಟೇ ಅವನ ಆಸೆ. ಹೆಂಡತಿ ಗದ್ದೆಮ್ಮ ಎಷ್ಟೋ ಬೇಸಿಗೆ ಸತಾಯಿಸಿ ಈ ಸಲ ಒಪ್ಪಿದ್ದಳು. "ನಮ್ಮ ನೆಲ್ಲು ಒಣಗಿದ್ದು ಒಣಗಿದಂಗ ಶೇಖರನ ಲಾರಿ ಏರ್ಲಿ, ಕೂಲರ್ ತರೂಣು. ತೊಯ್ತೋ, ನಿಮಗ ಬೀಸಣಿಕಿನೇ ಗತಿ," ಎಂದಿದ್ದಳು. ರಾಯಚೂರಿನ ವ್ಯಾಪಾರಿ ಶೇಖರ ಬರುವುದು ಇವತ್ತೇ ಸಂಜೆ. ಅವನು ಕಾಳನ್ನು ಹಲ್ಲಿಗೆ ಹಾಕಿ ಕಡಿದು ನೋಡುವವನು. ಕಟ್ ಎಂದರೆ ಸೈ, ಮೆತ್ತಗೆ ಹತ್ತಿದರೆ "ಆಮ್ಯಾಲ ನೋಡೂಣ್ರಿ" ಎಂದು ಲಾರಿ ತಿರುಗಿಸುವವನು.

"ಯಪ್ಪಾ ಪಕೀರಪ್ಪಾ, ಇದು ಮಿರ್ಚಿ ಬೆವರಪಾ! ಖಾರ ನೆತ್ತಿಗೇರ್ಯಾದ!" ಎಂದು ಮೌನಪ್ಪ ಅರ್ಧ ಕಡಿದ ಮಿರ್ಚಿಯನ್ನು ಎತ್ತಿ ತೋರಿಸಿದ. ನೋಡಲು ಅಲ್ಲಿ ಯಾರಿದ್ದರು? ಬೆಂಚು ಖಾಲಿ. ಎಲ್ಲರೂ ರಸ್ತೆಗೆ ಓಡಿ, ಹರವಿದ ಭತ್ತ ಬಳಿದು ಗುಡ್ಡೆ ಮಾಡಿ, ತಾಡಪತ್ರಿ ಎಳೆದು, ಮೂಲೆಗೆ ಕಲ್ಲು ಹೇರುತ್ತಿದ್ದರು.

ಸೂರ್ಯ ಮೇಲೇರಿದ. ಮಳೆಯ ಸುಳಿವೇ ಇಲ್ಲ. ತಾಡಪತ್ರಿಯ ಕೆಳಗೆ ಕೈ ಹಾಕಿದರೆ ಭತ್ತ ಬೆಚ್ಚಗೆ ಬೇಯುತ್ತಿತ್ತು. ಕೊನೆಯ ದಿನದ ಬಿಸಿಲು ಕಾಳಿಗೆ ಬೀಳದೆ ವ್ಯರ್ಥವಾಗಿ ತಾಡಪತ್ರಿಗೆ ಬೀಳುತ್ತಿರುವುದನ್ನು ಕಂಡು ಜನರ ಹೊಟ್ಟೆ ಉರಿಯಿತು. ಉರಿದ ಹೊಟ್ಟೆಯೊಂದಿಗೆ ಎಲ್ಲರೂ ಮೌನಪ್ಪನ ಮನೆಗೆ ಬಂದರು.

"ಒಂದ್ ಮಾತು ಹೇಳಪಾ," ಎಂದ ಪಕೀರಪ್ಪ. "ಮುಂಜಾನಿ ಬೆವರಿದ್ದು ಖರೇನೋ, ಸುಳ್ಳೋ?"

"ಬೆವರಿದ್ದು ಖರೇನೇ. ಆದ್ರ ಮಳಿಗಿ ಅಲ್ಲ, ಮಿರ್ಚಿಗಿ."

"ಅದು ನಿನಗ ಹೆಂಗ ಗೊತ್ತು?"

ಮೌನಪ್ಪ ತನ್ನ ಕತ್ತನ್ನು ತಾನೇ ಮುಟ್ಟಿ ನೋಡಿಕೊಂಡ. ಹೌದಲ್ಲ, ತನಗೆ ಹೇಗೆ ಗೊತ್ತು? ಮಿರ್ಚಿ ತಿನ್ನುವ ಮೊದಲೂ ಒಂದಿಷ್ಟು ಬೆವರಿದ ಹಾಗಿತ್ತು. ರಾತ್ರಿಯೂ ಶೆಕೆ ಇತ್ತು. ಅಥವಾ ಶೇಖರ ಬರುತ್ತಾನೆಂಬ ಚಿಂತೆಗೆ ಬೆವರಿದ್ದೋ? ತನ್ನದೇ ಮೈಯ ಬೆವರು ತನಗೇ ತಿಳಿಯದೆ ಅವನು ಪೆಚ್ಚಾದ.

"ನೋಡ್ರಿ, ಗಿರಾಕಿನೇ ಗೊಂದಲದಾಗ ಅದಾನ. ನಾವಽ ಪರೀಕ್ಷಾ ಮಾಡೂಣು," ಎಂದು ಪಕೀರಪ್ಪ ಬೇವಿನ ಮರದ ಕೆಳಗೆ ಹೊರಸು ಹಾಕಿಸಿ, ಮೌನಪ್ಪನನ್ನು ಅಂಗಿಯ ಸಮೇತ ಅದರ ಮೇಲೆ ಕೂರಿಸಿದ. ಚಹಾ ಇಲ್ಲ, ಮಿರ್ಚಿ ಇಲ್ಲ, ಬೀಸಣಿಕೆ ಇಲ್ಲ. ಸುತ್ತಲೂ ಜನ. ಓಣಿಯ ಹಿರಿಯಳಾದ ಅಂಬಮ್ಮನಿಗೆ ಬೆನ್ನು ಮುಟ್ಟಿ ನೋಡುವ ಕೆಲಸ. ಆಕೆ ಭತ್ತದ ಹದ ನೋಡಿದಷ್ಟೇ ನೇಮದಿಂದ ಅಂಗೈ ಊರಿ, ಕಣ್ಣು ಮುಚ್ಚಿ, "ಹಸಿ ಅದ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆ ಮುಟ್ಟಿ, "ಇಲ್ಲಿ ಆರ್ಯಾದ," ಎಂದಳು. ಅರ್ಧ ಜನ ತಾಡಪತ್ರಿ ತೆಗೆಯಲು ಹೊರಟರು, ಅರ್ಧ ಜನ ತಡೆದರು.

"ಮಂದಿ ಹಿಂಗ ಸುತ್ತ ನಿಂತು ಕಣ್ಣಾಗ ಕಣ್ಣಿಟ್ಟು ನೋಡಿದ್ರ ಯಾರಿಗಿ ಬೆವರು ಬರಂಗಿಲ್ರಿ?" ಎಂದು ಮೌನಪ್ಪ ಗೋಗರೆದ.

"ಈಗ ಬಂದಿದ್ದು ನಾಚಿಕಿ ಬೆವರು ಅಂತೀಯೇನು?" ಪಕೀರಪ್ಪ ಗಂಭೀರನಾದ. "ಮಿರ್ಚಿದೊಂದು, ನಾಚಿಕಿದೊಂದು, ಮಳಿದೊಂದು. ಎಲ್ಲಾ ಕಲಬೆರಕಿ ಆಗ್ಯಾದಲ್ಲೋ ನಿಂದು!"

ಅಷ್ಟರಲ್ಲಿ ಗದ್ದೆಮ್ಮ ಒಳಗಿನಿಂದ ಬಂದು ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. "ಮನಷ್ಯಾ ಅದಾನೋ, ಒಗದು ಹಾಕಿದ ಅರಿಬಿ ಅದಾನೋ? ಬರೋರು ಹೋಗೋರೆಲ್ಲ ಮುಟ್ಟಿ ನೋಡಾಕತ್ತೀರಲ್ಲ! ಏಳ್ರಿ ನೀವು. ಮಾನ್ವಿಗಿ ಹೋಗಿ ಶೇಖರನ ಲಾರಿ ಕಾಯ್ರಿ, ಅದರಾಗೇ ಬರ್ರಿ. ಇಲ್ಲಿದ್ರ ಇವ್ರು ನಿಮ್ಮನ್ನ ಹಿಂಡಿ ಹಗ್ಗಕ್ಕ ಹಾಕ್ತಾರ."

ಮೌನಪ್ಪ ಬಸ್ಸು ಹತ್ತಿ ಪಾರಾದ. ಮಾನ್ವಿಯಲ್ಲಿ ಇಳಿದಾಗ ಗಾಳಿ ಪೂರಾ ನಿಂತಿತ್ತು, ಉಸಿರು ಎಳೆದರೂ ಒಳಗೆ ಹೋಗದಂಥ ಧಗೆ. ಕಾಲುಗಳು ಅವನನ್ನು ಕೇಳದೆಯೇ ಗುಲ್ನಾಜಳ ಅಂಗಡಿಗೆ ಕರೆದೊಯ್ದವು. ಫ್ಯಾನು, ಕೂಲರ್, ಮಿಕ್ಸರ್ ಮಾರುವ ಅಂಗಡಿ ಅದು. ಈ ಬೇಸಿಗೆಯಲ್ಲಿ ಮೌನಪ್ಪ ಮಾನ್ವಿಗೆ ಯಾವ ಕೆಲಸಕ್ಕೆ ಬಂದರೂ ಅಲ್ಲಿಗೊಮ್ಮೆ ಹೋಗಿ, ಬಾಗಿಲ ಬಳಿಯ ಬಿಳಿ ಕೂಲರನ್ನು ಸವರಿ ಬರುತ್ತಿದ್ದ.

"ಬರ್ರಿ ಅಣ್ಣಾ. ನಿಮ್ಮ ಕೂಲರ್ ಇಲ್ಲೇ ಅದ, ಎಲ್ಲೂ ಓಡಿ ಹೋಗಿಲ್ಲ," ಎಂದು ನಕ್ಕಳು ಗುಲ್ನಾಜ್. ಅವನ ಸ್ಥಿತಿ ನೋಡಿ ಅಯ್ಯೋ ಅನಿಸಿತೋ ಏನೋ, ಕೂಲರಿಗೆ ಎರಡು ಕೊಡ ನೀರು ಸುರಿಸಿ, ಗುಂಡಿ ಒತ್ತಿ, ಎದುರಿಗೊಂದು ಕುರ್ಚಿ ಹಾಕಿದಳು. "ಕೂಡ್ರಿ. ತಗೊಳ್ಳೋ ಮುಂದ ನೋಡಿ ತಗೋಬೇಕು."

ಗರ್ರ್ ಎಂದು ಗಾಳಿ ಬಂತು. ಒದ್ದೆ ಹುಲ್ಲಿನ ವಾಸನೆಯ ತಂಪು ಗಾಳಿ. ಮೌನಪ್ಪ ಕಣ್ಣು ಮುಚ್ಚಿದ. ಕತ್ತು ಆರಿತು, ಕಂಕುಳು ಆರಿತು, ಅಂಗಿ ಬೆನ್ನು ಬಿಟ್ಟು ಪಟಪಟ ಹಾರತೊಡಗಿತು. ಹುಟ್ಟಿದಾಗಿನಿಂದ ತಾನು ಇಷ್ಟು ಒಣಗಿದ್ದೇ ಇಲ್ಲ ಎನಿಸಿ ಅವನಿಗೆ ಅಳು ಬರುವ ಹಾಗಾಯಿತು.

ಆಗ ಫೋನು ಬಡಿದುಕೊಂಡಿತು. ಗದ್ದೆಮ್ಮ.

"ಎಲ್ಲಿದ್ದೀರಿ?"

ಭತ್ತ ಮಾರುವ ಮೊದಲೇ ಕೂಲರಿನೆದುರು ಕೂತಿದ್ದೇನೆ ಎನ್ನಲು ಅವನಿಗೇನು ಹುಚ್ಚೇ? "ಬಸ್ ಸ್ಟ್ಯಾಂಡಿನ್ಯಾಗ. ಬಿಸಿಲಾಗಽ ನಿಂತೀನಿ, ಲಾರಿ ಕಾಯಾಕತ್ತೀನಿ," ಎಂದ.

"ಬೆವರಾಕತ್ತೀರೋ, ಇಲ್ಲೋ?"

ಮೌನಪ್ಪನ ಎದೆ ತುಂಬಿ ಬಂತು. ಮದುವೆಯಾದಾಗಿನಿಂದ ಹೆಂಡತಿ ಇಷ್ಟು ಕಳಕಳಿಯಿಂದ ತನ್ನ ಮೈ ವಿಚಾರಿಸಿದ್ದು ಇದೇ ಮೊದಲು. ಪಾಪ, ಹೆದರಿದ್ದಾಳೆ ಎಂದುಕೊಂಡು, "ಇಲ್ಲ ಬೇ, ಒಂದ್ ಹನಿನೂ ಇಲ್ಲ. ಅರಾಮದೀನಿ. ನೀ ಚಿಂತಿ ಮಾಡಬ್ಯಾಡ," ಎಂದು ಮೆತ್ತಗೆ ಹೇಳಿದ. ಆ ಕಡೆಯಿಂದ ಹೋ ಎಂದು ಜನ ಕೂಗಿದ ಸದ್ದು ಕೇಳಿಸಿತು, ಫೋನು ಕಡಿದುಹೋಯಿತು. ಟಿವಿ ಹಚ್ಚಿರಬೇಕು ಎಂದುಕೊಂಡು ಅವನು ಮತ್ತೆ ಕಣ್ಣು ಮುಚ್ಚಿದ.

ಮೌನಪ್ಪ ಫೋನಿನಲ್ಲಿ ಹೇಳಿದಂತೆ ಶೇಖರನ ಲಾರಿ ಅಂಗಡಿಯ ಮುಂದೆಯೇ ಬಂದು ನಿಂತಾಗ ಗುಲ್ನಾಜಳಿಗೆ ಹೊಳೆಯಿತು. "ಅಣ್ಣಾ, ಹೆಂಗೂ ಲಾರಿ ಖಾಲಿ ಹೊಂಟದ. ಕೂಲರ್ ಹಾಕ್ಕೊಂಡೇ ಹೋಗ್ರಿ. ನೆಲ್ಲು ತೂಗಿದ ಮ್ಯಾಲ ರೊಕ್ಕ ಕಳಸ್ರಿ." ಮೌನಪ್ಪ ಯೋಚಿಸಿದ. ಭತ್ತ ತಾಡಪತ್ರಿಯ ಕೆಳಗೆ ಭದ್ರವಾಗಿದೆ. ಶೇಖರ ಬಂದಾಗಿದೆ. ಇನ್ನೇನು ಆಗಬೇಕು? "ಹಾಕ್ರಿ!" ಎಂದ.

ಲಾರಿ ಮಾನ್ವಿ ದಾಟುತ್ತಿದ್ದಂತೆ ಅವನ ಹಣೆಯ ಮೇಲೆ ಬೆವರು ಜಿನುಗಿತು. ಆಮೇಲೆ ಕತ್ತಿನಿಂದ, ಬೆನ್ನಿನಿಂದ, ಒಳಗೆ ಯಾರೋ ನಲ್ಲಿ ಬಿಟ್ಟ ಹಾಗೆ. ಹೊರಗೆ ಇಣುಕಿದರೆ ಊರಿನ ದಿಕ್ಕಿನಲ್ಲಿ ಆಕಾಶ ಕರ್ರಗಾಗಿತ್ತು.

"ಪರವಾಗಿಲ್ಲ, ನಮ್ಮ ಮಂದಿ ಮುಂಜಾನೆನೇ ಮುಚ್ಚ್ಯಾರ," ಎಂದು ಮೌನಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಎಲ್ಲಿ ಮುಚ್ಚ್ಯಾರ್ರಿ?" ಎಂದ ಶೇಖರ. "ಈಗಷ್ಟೇ ಪಕೀರಪ್ಪ ಫೋನ್ ಮಾಡಿದ್ದ. ಮೌನಪ್ಪ ಸುಡಾ ಬಿಸಿಲಾಗ ನಿಂತ್ರೂ ಹನಿ ಬೆವರು ಇಲ್ಲಂತ, ಅವನಽ ಹೇಳ್ಯಾನ, ಎಲ್ಲಾರೂ ನೆಲ್ಲು ಹರವೀವಿ ಅಂದ."

ಮೌನಪ್ಪ ಜೇಬಿನಿಂದ ಫೋನು ಎಳೆದ. ಹೆಂಡತಿಗೆ ಫೋನು ಮಾಡಿದ, ಎತ್ತಲಿಲ್ಲ. ಪಕೀರಪ್ಪನಿಗೆ ಮಾಡಿದ, ಎತ್ತಲಿಲ್ಲ. ಅಷ್ಟರಲ್ಲಿ ಮುಂದಿನ ಗಾಜಿನ ಮೇಲೆ ದಪ್ಪ ಹನಿಯೊಂದು ಟಪ್ ಎಂದು ಬಿತ್ತು. ಅದರ ಹಿಂದೆಯೇ ಆಕಾಶ ಹರಿದುಕೊಂಡು ಬಿತ್ತು.

ಊರು ಮುಟ್ಟುವ ಹೊತ್ತಿಗೆ ಮಳೆ ತನ್ನ ಕೆಲಸ ಮುಗಿಸಿ ಹೋಗಿತ್ತು. ರಸ್ತೆಯ ಮೇಲೆ ನೀರು, ನೀರಿನಲ್ಲಿ ಭತ್ತ, ಭತ್ತದಲ್ಲಿ ಮೊಣಕಾಲೂರಿ ಬುಟ್ಟಿಗೆ ಬಳಿಯುತ್ತಿದ್ದ ಜನ. ಲಾರಿಯಿಂದ ಮೌನಪ್ಪ ಇಳಿದಾಗ ಎಲ್ಲರೂ ಎದ್ದು ನಿಂತರು. ಅವನ ಹಿಂದೆಯೇ, ಪ್ಲಾಸ್ಟಿಕ್ ಸುತ್ತಿದ ಬಿಳಿ ಕೂಲರ್ ಇಳಿಯಿತು.

ಪಕೀರಪ್ಪ ಕೂಲರನ್ನು ನೋಡಿದ, ಮೌನಪ್ಪನನ್ನು ನೋಡಿದ, ಮತ್ತೆ ಕೂಲರನ್ನು ನೋಡಿದ. "ಬಸ್ ಸ್ಟ್ಯಾಂಡ್," ಎಂದ, ಹಲ್ಲು ಕಚ್ಚಿ. "ಬಿಸಿಲಾಗಽ ನಿಂತೀನಿ."

"ನಮ್ಮ ನೆಲ್ಲು?" ಎಂದು ಮೌನಪ್ಪ ಹೆಂಡತಿಯತ್ತ ತಿರುಗಿದ.

ಗದ್ದೆಮ್ಮ ತನ್ನ ಗುಡ್ಡೆಯ ತಾಡಪತ್ರಿಯ ಮೂಲೆ ಎತ್ತಿ ತೋರಿಸಿದಳು. ಶೇಖರ ಒಂದು ಕಾಳು ಹಲ್ಲಿಗೆ ಹಾಕಿದ. ಕಟ್! ಒಣಗಿದ್ದು ಒಣಗಿದ ಹಾಗೇ ಇತ್ತು.

"ಬಸ್ ಸ್ಟ್ಯಾಂಡಿನ್ಯಾಗ ಗರ್ರ್ ಅಂತ ಗಾಳಿ ಎಲ್ಲಿಂದ ಬರ್ತದರಿ?" ಎಂದಳು ಗದ್ದೆಮ್ಮ. "ಫೋನಿನ್ಯಾಗ ಸಪ್ಪಳ ಕೇಳಿದ ಕೂಡ್ಲೇ ನನಗ ತಿಳೀತು ಇವ್ರು ಎಲ್ಲಿ ಕುಂತಾರ ಅಂತ. ಹರವಬ್ಯಾಡ್ರಿ, ಹರವಬ್ಯಾಡ್ರಿ ಅಂತ ಬಾಯಿ ಬಡಕೊಂಡೆ. ಯಾರ್ ಕೇಳಿದ್ರು? ಸ್ಪೀಕರ್ ಹಾಕಿ ಕೇಳಿದ್ದೇ ತಡ, ಹೋ ಅಂತ ಓಡಿದ್ರು. ನಾ ನಂದು ತೆಗೀಲಿಲ್ಲ."

ಮೌನಪ್ಪನ ಮುಖ ಅರಳಿತು. ಭತ್ತ ಒಣಗಿದೆ! ಲಾರಿ ಏರುತ್ತದೆ! ಕೂಲರ್ ಬಂದೇಬಿಟ್ಟಿದೆ! ಇಂಥ ಹೆಂಡತಿ ಯಾರಿಗುಂಟು? ಅವನು ಕೂಲರಿನ ಪ್ಲಾಸ್ಟಿಕ್ ಹರಿಯಲು ಬಗ್ಗಿದ.

"ನಿಲ್ರಿ," ಎಂದಳು ಗದ್ದೆಮ್ಮ. ಆಮೇಲೆ ಒದ್ದೆ ಜನರತ್ತ ತಿರುಗಿ, "ತಪ್ಪು ನಮ್ಮವರದಾಗ್ಯಾದ. ಸುಳ್ಳು ಹೇಳಿ ನಿಮ್ಮ ನೆಲ್ಲು ತೊಯ್ಸ್ಯಾರ. ನಿಮ್ಮ ನೆಲ್ಲು ಒಣಗೋ ತನಕ ಈ ಕೂಲರ್ ನಿಮ್ಮದು. ಸಮುದಾಯ ಭವನದಾಗ ಹರವ್ರಿ, ನೀರು ಹಾಕಬ್ಯಾಡ್ರಿ, ಬರೇ ಗಾಳಿ ಬಿಡ್ರಿ," ಎಂದಳು.

ಕತ್ತಲಾಗುವ ಮೊದಲೇ ಸಮುದಾಯ ಭವನದ ತುಂಬ ಹಸಿ ಭತ್ತ ಹರಡಿತ್ತು. ಅದರೆದುರು ಬಿಳಿ ಕೂಲರ್ ಗರ್ರ್ ಎನ್ನುತ್ತಿತ್ತು. ಗದ್ದೆಮ್ಮನ ಗುಡ್ಡೆ ಮಾತ್ರ ಬೆಳಿಗ್ಗೆ ಲಾರಿ ಏರಲೆಂದು ರಸ್ತೆಯ ಮೇಲೇ ಉಳಿದಿತ್ತು. ಕಾಲಿನಿಂದ ಭತ್ತ ತಿರುವಿ ಹಾಕುವ ಕೆಲಸ ಮೌನಪ್ಪನಿಗೆ ಬಿದ್ದಿತ್ತು. ಮಳೆ ಬಿದ್ದ ಮೇಲೆ ಶೆಕೆ ಇನ್ನೂ ಹೆಚ್ಚಾಗಿತ್ತು. ತಿರುವುತ್ತ ತಿರುವುತ್ತ ಅವನು ಮೆಲ್ಲಗೆ ಕೂಲರಿನ ಮುಂದೆ ಬಂದು, ಅಂಗಿಯ ಗುಂಡಿ ಬಿಚ್ಚಿದ.

"ಏ, ಸರಿಯೋ ಅತ್ತಾಗ!" ಎಂದು ಪಕೀರಪ್ಪ ಗದರಿದ. "ಗಾಳಿಗಿ ಅಡ್ಡ ನಿಂತೀಯಲ್ಲ. ನಿನ್ನ ಮೈ ಆರಿದ್ರ ನಾಳಿನ ಮಳಿ ಸುದ್ದಿ ನಮಗ ಯಾರ್ ಹೇಳಬೇಕು?"

ಮೌನಪ್ಪನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಇಷ್ಟೆಲ್ಲ ಆದ ಮೇಲೂ? ಅವನು ಹೆಂಡತಿಯ ಮುಖ ನೋಡಿದ. ಗದ್ದೆಮ್ಮ ಅವನ ಮುಖ ನೋಡಲಿಲ್ಲ, ಬೆನ್ನು ನೋಡುತ್ತಿದ್ದಳು. ಅಂಬಮ್ಮ ಎದ್ದು ಬಂದು, ಅಂಗೈ ಊರಿ, ಕಣ್ಣು ಮುಚ್ಚಿದಳು.

"ಹಸಿ ಅದ," ಎಂದಳು ಅಂಬಮ್ಮ.

ಗದ್ದೆಮ್ಮ ಸೆರಗು ಬಿಗಿದುಕೊಂಡು ಎಲ್ಲರಿಗಿಂತ ಮೊದಲು ತನ್ನ ಗುಡ್ಡೆಗೆ ಇನ್ನೊಂದು ತಾಡಪತ್ರಿ ಹುಡುಕಲು ಓಡಿದಳು.