ಮೂರನೆಯ ರಾಜನ ಬಣ್ಣ

ರಜೆಯ ದಿನವಾದ ಶುಕ್ರವಾರ ದೋಹಾದ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳಿ ಮನೆಗೆ ಬಂದರೆ, ಪಾಠ ಕಲಿತದ್ದು ಅವರೋ ನಾನೋ ಎಂದು ನನಗೆ ವಾರವಾರವೂ ಗೊಂದಲ. ನಾಲ್ಕಾರು ದೇಶಗಳ ಮಕ್ಕಳು, ಉಡುಪಿ ಕಡೆಯ ಟೀಚರು. ದೇವರಿಗೂ ಒಮ್ಮೊಮ್ಮೆ ನಗಬೇಕು ಅನಿಸುತ್ತದೋ ಏನೋ, ಏನಾದರೊಂದು ಆಗಿಯೇ ಆಗುತ್ತದೆ.

ಸ್ಕಿನ್ ಕಲರ್

ಯೇಸುಕಂದನ ಚಿತ್ರಕ್ಕೆ ಬಣ್ಣ ತುಂಬಲು ಹೇಳಿದ್ದೆ. "ಟೀಚರ್, ಸ್ಕಿನ್ ಕಲರ್!" ಎಂದು ಎಲ್ಲರೂ ಕೈ ಚಾಚಿದರು. ಡಬ್ಬಿಯಲ್ಲಿ ಆ ಹೆಸರಿನ ಕ್ರೇಯಾನ್ ಒಂದೇ, ತಿಳಿಗುಲಾಬಿ. ಚಾಚಿದ ಕೈಗಳಲ್ಲಿ ಒಂದೂ ಆ ಬಣ್ಣದ್ದಲ್ಲ. ನನ್ನದಂತೂ ಅಲ್ಲವೇ ಅಲ್ಲ.

ಕೀನ್ಯಾದ ಹುಡುಗಿ ಕಂದು ಬಣ್ಣ ಎತ್ತಿಕೊಂಡಳು.

"ಯೇಸು ಹಾಗಿಲ್ಲ" ಎಂದ ಫಿಲಿಪ್ಪೀನ್ಸಿನ ಹುಡುಗ.

"ನೀನು ನೋಡಿದ್ದೀಯಾ?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನೂ ನೋಡಿಲ್ಲವಲ್ಲ! "ದೇವರು ಎಲ್ಲರನ್ನೂ ತನ್ನ ಹಾಗೆಯೇ ಮಾಡಿದ" ಎಂದೆ. ಅಷ್ಟರಲ್ಲಿ ಲೆಬನಾನಿನ ಪುಟ್ಟ ತನ್ನ ಚಿತ್ರ ತಂದ. ಯೇಸುಕಂದ ಅಪ್ಪಟ ಹಸಿರು.

"ಇದೇನಪ್ಪಾ?"

"ಹೀಗಾದರೆ ಯಾರಿಗೂ ಜಗಳ ಇಲ್ಲ, ಟೀಚರ್."

ಎಲ್ಲರ ಅಭಿಪ್ರಾಯ

ಕ್ರಿಸ್ಮಸ್ ನಾಟಕಕ್ಕೆ ಮರಿಯಮ್ಮ ಬೇಕಿತ್ತು. ಕೀನ್ಯಾದ ಹುಡುಗಿಗೆ ಆ ಪಾತ್ರವೆಂದರೆ ಪ್ರಾಣ; ಮಾತುಗಳೆಲ್ಲ ಆಗಲೇ ಬಾಯಿಪಾಠ. ಆದರೂ ಹೆತ್ತವರನ್ನು ಕೇಳೋಣವೆಂದು ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದೆ: "ಪಾತ್ರಕ್ಕೆ ಮೈಬಣ್ಣ ಮುಖ್ಯವೇ?"

ಎಲ್ಲರೂ "ಅಲ್ಲ" ಒತ್ತಿದರು. ಕಣ್ಣು ತುಂಬಿ ಬಂತು. ಶಿಲುಬೆಯ ಗುರುತು ಹಾಕಿ ಕೈ ಇಳಿಸುವಷ್ಟರಲ್ಲಿ ಪ್ರೈವೇಟ್ ಮೆಸೇಜುಗಳು ಶುರು. "ಬಣ್ಣ ಮುಖ್ಯ ಅಲ್ಲ ಟೀಚರ್, ಆದರೆ ಫೋಟೊ ಚೆನ್ನಾಗಿ ಬರಬೇಕಲ್ಲ." ಐನ್ ಖಾಲಿದ್ ಬಡಾವಣೆಯಲ್ಲಿರುವ ನಮ್ಮೂರ ಹೆಂಗಸೊಬ್ಬರು ಫೋನೇ ಮಾಡಿದರು: "ನಂಗೆ ಭೇದಭಾವ ಇಲ್ಲ ಮಾರಾಯ್ರೆ. ಆದ್ರೆ ನಮ್ಮನೆ ಪೀಠದಲ್ಲಿ ಮರಿಯಮ್ಮ ಬೆಳ್ಳಗೆ ಉಂಟಲ್ಲ?"

ಪೋಲ್ ನಂಬಲೋ ಫೋನ್ ನಂಬಲೋ? ಜಪಸರ ಹಿಡಿದು ಕೂತೆ. ಮುಗಿಸಿ ಎದ್ದವಳೇ ಕೀನ್ಯಾದ ಹುಡುಗಿಯ ಹೆಸರು ಹಾಕಿದೆ. ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಶುಕ್ರವಾರ ಐನ್ ಖಾಲಿದ್‌ನವರು ಹುಡುಗಿಯ ಮುಖಕ್ಕೆಂದು ಒಂದು ಡಬ್ಬಿ ಪೌಡರ್ ತಂದುಕೊಟ್ಟರು.

"ಭೇದಭಾವ ಅಲ್ಲ ಟೀಚರೇ, ಲೈಟಿಂಗಿಗೆ."

ರಾಜ ಬೇಕಾಗಿದ್ದಾನೆ

ಯೇಸುವನ್ನು ನೋಡಲು ಬರುವ ಮೂವರು ರಾಜರಲ್ಲಿ ಒಬ್ಬನ ಮುಖಕ್ಕೆ ಮಸಿ ಬಳಿಯುವುದು ನಮ್ಮೂರ ನಾಟಕದ ರೂಢಿ. ನಾಟಕದ ದಿನ ನಾನೂ ಏನೂ ಯೋಚಿಸದೆ ಮೂರನೆಯ ರಾಜನಾದ ಗೋವಾದ ಹುಡುಗನ ಕೆನ್ನೆಗೆ ಕಾಡಿಗೆ ಹಚ್ಚತೊಡಗಿದೆ. ಮರಿಯಮ್ಮ ನೀಲಿ ಸೆರಗು ಹೊದ್ದು ನೋಡುತ್ತಿದ್ದಳು.

"ಅವನಿಗೆ ಅದು ಯಾಕೆ, ಟೀಚರ್?"

"ಈ ರಾಜ ಆಫ್ರಿಕಾದವನು, ಮಗಾ."

"ನಾನೂ ಅಲ್ಲಿಯವಳೇ. ನನಗೆ ಪೌಡರ್, ಅವನಿಗೆ ಕಾಡಿಗೆಯಾ? ನಾನು ಹೀಗೇ ಇದ್ದರೆ ಮರಿಯಮ್ಮ ಅಲ್ಲವಾ?"

ಪೌಡರ್ ಡಬ್ಬಿ ಕಸದ ಬುಟ್ಟಿಗೆ ಹಾಕಿದೆ. ಕಾಡಿಗೆಯೂ ಅದರ ಹಿಂದೆಯೇ ಹೋಯಿತು. ಇತ್ತ ರಾಜ ಕನ್ನಡಿಯಲ್ಲಿ ಅರ್ಧ ಕಪ್ಪು ಮುಖ ಕಂಡು ಅಳುತ್ತಾ ಬಾತ್‌ರೂಮ್ ಸೇರಿ ಚಿಲಕ ಹಾಕಿಕೊಂಡ. ಪರದೆ ಏಳುವ ಹೊತ್ತು. ಮರಿಯಮ್ಮ ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

"ನೀವೇ ರಾಜ ಆಗಿ ಟೀಚರ್. ನಿಮಗೆ ಏನೂ ಹಚ್ಚೋದು ಬೇಡ."

ಹತ್ತಿಯ ಗಡ್ಡ ಅಂಟಿಸಿಕೊಂಡು, ಕಿರೀಟ ಇಟ್ಟು, ಆ ಪುಟ್ಟ ಮರಿಯಮ್ಮನ ಮುಂದೆ ಮೊಣಕಾಲೂರಿದೆ. ಅವಳು ಒಂದು ಮಾತೂ ತಪ್ಪಲಿಲ್ಲ. ನಾನು ನಿಜವಾಗಿಯೇ ಪ್ರಾರ್ಥಿಸಿದೆ.

ಮುಗಿದ ಮೇಲೆ ಐನ್ ಖಾಲಿದ್‌ನವರು ಕಣ್ಣೊರೆಸಿಕೊಳ್ಳುತ್ತಾ ಬಂದರು. "ಎಷ್ಟು ಚೆಂದ ಮಾಡ್ತು ಮಾರಾಯ್ರೆ ಆ ಹುಡುಗಿ! ಮತ್ತೆ ಆ ಕಪ್ಪು ರಾಜ ಯಾರು? ಮೇಕಪ್ ಭಾರೀ ನ್ಯಾಚುರಲ್! ಯಾರು ಹಾಕಿದ್ದು?"

ಗಡ್ಡ ನನ್ನ ಬ್ಯಾಗಿನಲ್ಲಿತ್ತು.

"ದೇವರೇ ಹಾಕಿದ್ದು" ಎಂದೆ. "ಸೋಪಿಗೂ ಹೋಗುವುದಿಲ್ಲ."