ಸಂಗಯ್ಯನವರು ಬದುಕಿರುವುದಕ್ಕೆ ಆಧಾರ

ಸಮಾಧಿಯ ಗದ್ದುಗೆಯ ಮೇಲಿನ ಬಿಲ್ವಪತ್ರೆಯನ್ನು ಒಂದು ಬೆರಳಿನಿಂದ ಸರಿಸಿ ನೋಡಿದ್ದರೆ ಬಸವಂತನಿಗೆ ಆ ದಿನ ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಕಾಲಲ್ಲಿ ಬೂಟು ಇತ್ತು. ಮುಂಜಾನೆಯ ಅವಸರದಲ್ಲಿ ಸ್ನಾನವೂ ತಪ್ಪಿತ್ತು. ಏರಿಸಿದ ಪತ್ರೆಯನ್ನು ಮೈಲಿಗೆಯ ಕೈಯಿಂದ ಮುಟ್ಟಲು ಅವನಿಗೆ ಮನಸ್ಸಾಗಲಿಲ್ಲ. ಭಕ್ತಿಯಿಂದಲೇ ಕೆಟ್ಟ ಮನುಷ್ಯ ಅವನು.

ಬಸವಂತ ಚೊಳಚಗುಡ್ಡದ ಕಡೆಯವನು. ಹುನಗುಂದದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಸಂಬಳದ ಕೆಲಸ ಅದಾದರೆ ಪ್ರಾಣದ ಕೆಲಸ ಬೇರೆ. ಅಂತರ್ಜಾಲದಲ್ಲಿ 'ಜನಕೋಶ' ಎಂಬ ವಿಕಿ ಇದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಕೂಲಿಯಿಲ್ಲ, ಬೈಗುಳ ಮಾತ್ರ ಧಾರಾಳ. ಬಸವಂತ ಅಲ್ಲಿ 'ಬಸವಂತ ಹುನಗುಂದ' ಎಂಬ ತನ್ನ ಸ್ವಂತ ಹೆಸರಿನಿಂದಲೇ ಸುತ್ತಲಿನ ಕೆರೆ, ಗುಡಿ, ಕಲಾವಿದರ ಬಗ್ಗೆ ಬರೆಯುತ್ತಿದ್ದ. ಅವನಿಗೆ ಎಲ್ಲಕ್ಕಿಂತ ಹೆಮ್ಮೆಯ ಲೇಖನ ಮರೋಳದ ಸಂಗಯ್ಯನವರದು. ಬಯಲಾಟದಲ್ಲಿ ಗಂಡನನ್ನು ಕಳೆದುಕೊಂಡ ರಾಣಿಯ ಪಾತ್ರ ಹಾಕಿ ಅವರು ಎದೆ ಬಡಿದುಕೊಂಡರೆ, ಮುಂದೆ ಕುಳಿತ ಹೆಂಗಸರು ಮನೆಯಲ್ಲಿ ಗಂಡ ಗಟ್ಟಿಯಾಗಿರುವುದನ್ನು ಮರೆತು ಅಳುತ್ತಿದ್ದರಂತೆ. ಇಷ್ಟು ದಿನ ಯಾರೂ ಅವರಿಗೆ ಒಂದು ಶಾಲು ಹೊದಿಸಿರಲಿಲ್ಲ. ಲೇಖನ ಓದಿದ ಮೇಲೆ ಇಳಕಲ್ಲಿನ ಕಲಾಸಂಘದವರು ಸನ್ಮಾನಕ್ಕೆ ಕರೆದಿದ್ದರು. ಅದು ಇವತ್ತೇ ಸಂಜೆ.

ಬಸವಂತ ತರಬೇತಿಗೆಂದು ಬಾಗಲಕೋಟೆಗೆ ಹೋಗಿ ಹಲವು ದಿನ ಅಲ್ಲೇ ಇದ್ದು ನಿನ್ನೆಯಷ್ಟೇ ಮರಳಿದ್ದ. ಬೆಳಿಗ್ಗೆ ಸಹಕಾರಿ ಸಂಘದ ಕೆಲಸಕ್ಕೆ ಮರೋಳದ ಕಡೆ ಹೋದವನು ರಸ್ತೆಯ ಪಕ್ಕದ ಹೊಲದಲ್ಲಿ ಎರಡು ಗದ್ದುಗೆಗಳನ್ನು ಕಂಡು ಫಟಫಟಿ ನಿಲ್ಲಿಸಿದ. ಒಂದರ ಮೇಲೆ ಸಂಗಯ್ಯನವರ ಹೆಂಡತಿ ಸಾವಿತ್ರೆವ್ವನ ಹೆಸರು, ತೀರಿಕೊಂಡ ತಾರೀಖು. ಇನ್ನೊಂದರ ಮೇಲೆ ಸಂಗಯ್ಯನವರದೇ ಹೆಸರು, ತಲೆಗೆ ಪಟಗಾ ಸುತ್ತಿದ ಫೋಟೋ. ತಾರೀಖಿನ ಜಾಗದ ಮೇಲೆ ಹೊಸ ಪತ್ರೆ.

"ಅಯ್ಯೋ, ನಾ ಊರಾಗ ಇಲ್ಲದಾಗ ಹೋಗೇಬಿಟ್ರಲ್ಲ!" ಎಂದು ಅವನು ಕಣ್ಣು ತುಂಬಿಕೊಂಡ. ಆಫೀಸಿಗೆ ಹೊತ್ತಾಗಿತ್ತು, ಮನೆಯವರನ್ನು ಸಂಜೆ ಮಾತಾಡಿಸಿದರಾಯಿತೆಂದು ನಿಂತಲ್ಲೇ ಮೊಬೈಲು ತೆಗೆದು, 'ಸಂಗಯ್ಯನವರು ಇತ್ತೀಚೆಗೆ ಲಿಂಗೈಕ್ಯರಾದರು. ಬಯಲಾಟದ ಕಣ್ಣೀರು ಬತ್ತಿತು' ಎಂದು ಲೇಖನಕ್ಕೆ ಸೇರಿಸಿ, ಆಧಾರಕ್ಕೆ ಗದ್ದುಗೆಯ ಫೋಟೋ ಲಗತ್ತಿಸಿದ. ಜನಕೋಶದಲ್ಲಿ ಆಧಾರವಿಲ್ಲದ ಮಾತಿಗೆ ಬೆಲೆಯಿಲ್ಲ.

ಆಫೀಸು ಮುಟ್ಟಿದಾಗ ಪಕ್ಕದ ಕುರ್ಚಿಯ ಲಕ್ಷ್ಮಪ್ಪ ಮೊಬೈಲಿಗೆ ಮೂಗು ಹಚ್ಚಿ ಕುಳಿತಿದ್ದ. ಯಾರ ಸಾವಿನ ಸುದ್ದಿಯನ್ನಾದರೂ ಮನೆಯವರಿಗಿಂತ ಮೊದಲು ಹಂಚಬೇಕೆಂಬುದು ಲಕ್ಷ್ಮಪ್ಪನ ವ್ರತ.

"ಬಂದೇನೋ? ನಿನ್ನ ಸಂಗಯ್ಯಜ್ಜ ಹೋದ ನೋಡು. ನಾ ಆಗಲೇ ನಾಕು ಗ್ರೂಪಿಗೆ ಹಾಕೇನಿ. ಸುದ್ದಿತಾಣದಾಗೂ ಬಂತು. ಏನ್ ಛಂದ ಬರದಾರಲೇ, 'ಬಯಲಾಟದ ಕಣ್ಣೀರು ಬತ್ತಿತು' ಅಂತ!"

ತನ್ನ ಮಾತನ್ನೇ ಸುದ್ದಿತಾಣದವರು ಎತ್ತಿಕೊಂಡಿದ್ದಾರೆಂದು ಬಸವಂತನಿಗೆ ಆ ದುಃಖದಲ್ಲೂ ಒಂದು ಚೂರು ಸಂತೋಷವಾಯಿತು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಪರದೆಯ ಮೇಲೆ 'ಸಂಗಯ್ಯಜ್ಜ ಮರೋಳ' ಎಂದು ಮೂಡಿತು.

ಲಕ್ಷ್ಮಪ್ಪ ಇಣುಕಿ ನೋಡಿ ಕುರ್ಚಿ ಹಿಂದೆ ಸರಿಸಿದ. "ಎತ್ತಬ್ಯಾಡಲೇ!"

"ಮನಿ ಮಂದಿ ಇರಬೇಕೋ," ಎಂದು ಬಸವಂತ ಫೋನು ಎತ್ತಿ ಹೊರಗೆ ಹೋದ.

"ತಮ್ಮಾ ಬಸವಂತ, ನಾ ಸಂಗಯ್ಯ. ಇಳಕಲ್ಲಿನವರು ಮಧ್ಯಾಹ್ನ ಕಾರು ಕಳಸ್ತೇವಿ ಅಂದಿದ್ರು. ಹ್ಯಾಂಗೈತಿ ಕೇಳೂಣು ಅಂತ ಫೋನ್ ಹಚ್ಚಿದರ ಯಾರೂ ಎತ್ತವಲ್ಲರು. ನಾ ಮುಂಜಾನಿಂದ ಪಟಗಾ ಸುತ್ತಕೊಂಡು ಕುಂತೇನಿ. ನೀ ಒಮ್ಮೆ ಕೇಳಪ್ಪ."

"ನೀವು... ಆರಾಮ ಅದೀರೇನ್ರಿ?"

"ನನಗೇನಾಗೇತಿ? ಕಲ್ಲು ಇದ್ದಂಗ ಅದೇನಿ."

ಬಸವಂತ ಶಿವ ಶಿವಾ ಎನ್ನುತ್ತ ಜನಕೋಶ ತೆರೆದು ತಾನು ಬರೆದದ್ದನ್ನು ಅಳಿಸಿದ. ಎದೆಯ ಭಾರ ಒಂದಿಷ್ಟು ಇಳಿಯಿತು. ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಅಳಿಸಿದ್ದು ಮತ್ತೆ ಎದ್ದು ಕೂತಿತ್ತು. ಎಬ್ಬಿಸಿದವರು 'ನಿಯಮಪಾಲಕ' ಎಂಬ ಹೆಸರಿನ ಹಿರಿಯ ಸಂಪಾದಕರು. ಅವರು ಯಾರು, ಯಾವ ಊರು, ಊಟ ಯಾವಾಗ ಮಾಡುತ್ತಾರೆ ಎಂಬುದು ಯಾರಿಗೂ ತಿಳಿಯದು. ಹಗಲು ರಾತ್ರಿ ಎಚ್ಚರವಿರುತ್ತಾರೆ ಎಂಬುದಷ್ಟೇ ತಿಳಿದದ್ದು.

'ಆಧಾರಸಹಿತ ಮಾಹಿತಿಯನ್ನು ಅಳಿಸಬೇಡಿ,' ಎಂದು ಅವರು ಚರ್ಚಾಪುಟದಲ್ಲಿ ಬರೆದಿದ್ದರು.

'ಸಂಗಯ್ಯನವರು ಬದುಕಿದ್ದಾರೆ. ಈಗ ತಾನೇ ನನ್ನೊಡನೆ ಮಾತಾಡಿದರು,' ಎಂದು ಬಸವಂತ ಬರೆದ.

'ಅದಕ್ಕೆ ಪ್ರಕಟಿತ ಆಧಾರ ಕೊಡಿ. ಮರಣಕ್ಕೆ ಗದ್ದುಗೆಯ ಚಿತ್ರವಿದೆ, ಸುದ್ದಿತಾಣದ ವರದಿಯೂ ಇದೆ.'

'ಆ ವರದಿಯನ್ನು ನನ್ನ ಲೇಖನದಿಂದಲೇ ಎತ್ತಿದ್ದಾರೆ!'

'ಹಾಗೆ ಎತ್ತಿದ್ದಾರೆ ಎಂಬುದಕ್ಕೆ ಆಧಾರ?'

ಇಂಥವರು ಬದುಕಿದ್ದಾರೆ ಎಂದು ಯಾವ ಪತ್ರಿಕೆ ಅಚ್ಚು ಹಾಕುತ್ತದೆ? ಬಸವಂತ ಸುದ್ದಿತಾಣಕ್ಕೆ ಫೋನು ಮಾಡಿದ. ಅಲ್ಲಿಯ ಹುಡುಗಿ, "ಸರ್, ನಾವು ಜನಕೋಶ ನೋಡಿ ಹಾಕೀವಿ. ಅಲ್ಲಿ ತಿದ್ದಿಸ್ರಿ, ನಾವೂ ತಿದ್ದತೇವಿ," ಎಂದಳು. ಗಾಣದ ಎತ್ತಿನಂತೆ ಅವನು ತಿರುಗಿ ಹೊರಟಲ್ಲಿಗೇ ಬಂದ. ಇಳಕಲ್ಲಿನ ಸಂಘದ ಅಧ್ಯಕ್ಷ ಕಳಕಪ್ಪನ ಫೋನು ಹತ್ತಲಿಲ್ಲ.

ಹೊಟ್ಟೆನೋವೆಂದು ರಜೆ ಹಾಕಿದ. ಹೊರಗೆ ಬಂದರೆ ಲಕ್ಷ್ಮಪ್ಪನ ಮುಂದಾಳತ್ವದಲ್ಲಿ ಸರ್ಕಲ್ಲಿನಲ್ಲಿ ಆಗಲೇ ಒಂದು ಫ್ಲೆಕ್ಸ್ ಏರುತ್ತಿತ್ತು. ಜನಕೋಶದಿಂದ ತೆಗೆದ ಸಂಗಯ್ಯನವರ ಫೋಟೋ, ಎರಡೂ ಬದಿಗೆ ದೀಪ, ಕೆಳಗೆ ಲಕ್ಷ್ಮಪ್ಪನದು ಅದಕ್ಕಿಂತ ದೊಡ್ಡ ಫೋಟೋ.

ಮರೋಳದಲ್ಲಿ ಸಂಗಯ್ಯನವರು ಕಟ್ಟೆಯ ಮೇಲೆ ವಿಭೂತಿ ಧರಿಸಿ, ಕೋಟು ತೊಟ್ಟು, ಮದುಮಗನಂತೆ ಕುಳಿತು ಚಹಾ ಕುಡಿಯುತ್ತಿದ್ದರು. ಬಸವಂತ ಮೊದಲು ಅವರ ಕಾಲು ಮುಟ್ಟಿ, ಆಮೇಲೆ ಬೆಚ್ಚಗಿವೆಯೇ ಎಂದು ಇನ್ನೊಮ್ಮೆ ಮುಟ್ಟಿದ.

"ಅಜ್ಜಾರ, ಹೊಲದಾಗ ನಿಮ್ಮ ಹೆಸರಿಂದು ಗದ್ದಿಗಿ..."

"ಅದಾ? ಸಾವಿತ್ರೆವ್ವಂದು ಕಟ್ಟಾಕ ಗೌಂಡಿ ಹ್ಯಾಂಗೂ ಬಂದಿದ್ದ. ಬಾಜೂಕ ನಂದೂ ಕಟ್ಟಿಸಿಬಿಟ್ಟೆ. ತಾರೀಖು ಒಂದು ಬಾಕಿ ಐತಿ. ಅದು ಶಿವನ ಕೆಲಸ."

"ಮತ್ತ ಪತ್ರಿ ಯಾಕ ಏರಿಸ್ತೀರಿ?"

ಮುದುಕರು ಬಟ್ಟಲನ್ನು ಕೆಳಗಿಟ್ಟರು. "ಆಕೀಗಷ್ಟ ಏರಿಸಿ ನಂದು ಖಾಲಿ ಬಿಟ್ಟರ ಆಕಿ ಒಬ್ಬಾಕಿನ ಕುಂತಂಗ ಕಾಣತೈತಿ ತಮ್ಮಾ. ನೋಡಾಕ ಆಗೂದಿಲ್ಲ. ಅದಕ ದಿನಾ ಎರಡಕ್ಕೂ ಏರಿಸ್ತೇನಿ."

ಇದನ್ನು ಕೇಳಿದ ಮೇಲೆ ತಪ್ಪೊಪ್ಪಿಕೊಳ್ಳುವ ಧೈರ್ಯ ಬಸವಂತನಿಗೆ ಬರಲಿಲ್ಲ. ಅದರ ಬದಲು ಅವರು ಚಹಾ ಕುಡಿಯುವ ಫೋಟೋ ತೆಗೆದು ಜನಕೋಶಕ್ಕೆ ಏರಿಸಿದ. ನಿಯಮಪಾಲಕರ ಉತ್ತರ ಸಿದ್ಧವಾಗಿಯೇ ಇತ್ತು: 'ಚಿತ್ರ ಯಾವ ವರ್ಷದ್ದೆಂಬುದಕ್ಕೆ ಆಧಾರವಿಲ್ಲ. ನೀವೇ ಹೋಗಿ ಕಣ್ಣಾರೆ ನೋಡಿದ್ದೀರಿ ಎಂದರೆ ಅದು ಸ್ವಂತ ಸಂಶೋಧನೆ. ಸ್ವಂತ ಸಂಶೋಧನೆಗೆ ಇಲ್ಲಿ ಅವಕಾಶವಿಲ್ಲ.'

"ಯಾರದು, ಇಳಕಲ್ಲಿನವರದೇನು?" ಎಂದು ಸಂಗಯ್ಯ ಕೇಳಿದರು.

"ಹೌದ್ರಿ. ಕಾರು ಕೆಟ್ಟೈತಂತ. ನಡೀರಿ, ನಾನ ಬಿಡ್ತೇನಿ."

ಸಭೆಯ ಮುಂದೆ ಜೀವಂತ ನಿಲ್ಲಿಸಿದರೆ ಸನ್ಮಾನವೂ ಉಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ ಎಂಬುದು ಅವನ ಕೊನೆಯ ಆಸೆ. ಮುದುಕರನ್ನು ಹಿಂದೆ ಕೂಡ್ರಿಸಿಕೊಂಡು ಹೊರಟ. ಹುನಗುಂದದ ಸರ್ಕಲ್ಲು ಬಂತು.

"ಏ ಏ, ನಿಲ್ಲಸೋ! ಅಲ್ಲಿ ನನ್ನ ಫೋಟೋ ಹಚ್ಚಾರ!" ಎಂದು ಸಂಗಯ್ಯ ಅವನ ಭುಜ ಬಡಿದರು. "ಏನ್ ಬರದಾರ ಓದು. ನಾ ಚಾಳೀಸು ತಂದಿಲ್ಲ."

"ಸನ್ಮಾನದ್ದ್ರಿ!" ಎಂದು ಬಸವಂತ ಗಾಡಿಯನ್ನು ಎಷ್ಟು ಜೋರು ಬಿಟ್ಟನೆಂದರೆ ಇಳಕಲ್ಲು ಬರುವವರೆಗೆ ಮುದುಕರು ಪಟಗಾ ಬಿಟ್ಟು ಬೇರೇನೂ ಹಿಡಿಯಲಾಗಲಿಲ್ಲ.

ಸಭಾಭವನದ ಬಾಗಿಲಲ್ಲಿ ಅಕ್ಷರಗಳು ಆಳೆತ್ತರ ಇದ್ದವು. ಕನ್ನಡಕದ ಹಂಗಿಲ್ಲದೆ ಸಂಗಯ್ಯನವರು ಓದಿದರು: 'ದಿವಂಗತ ಸಂಗಯ್ಯನವರಿಗೆ ಶ್ರದ್ಧಾಂಜಲಿ.' ಎರಡನೆಯ ಸಲ ಬೆರಳಿಟ್ಟು ಓದಿದರು. ಆಮೇಲೆ ಬಸವಂತನ ಕಡೆ ತಿರುಗಿ ಮೆಲ್ಲಗೆ, "ನನಗ ಯಾರೂ ಹೇಳಲೇ ಇಲ್ಲಲ್ಲೋ," ಎಂದರು.

ಬಸವಂತ ಗದ್ದುಗೆಯಿಂದ ಸುದ್ದಿತಾಣದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೈ ಮುಗಿದ. ಮುದುಕರು ಏನೋ ಅನ್ನುವಷ್ಟರಲ್ಲಿ ಒಳಗಿನಿಂದ ಅಧ್ಯಕ್ಷ ಕಳಕಪ್ಪ ಓಡಿ ಬಂದ. ಸೀರೆಯ ವ್ಯಾಪಾರಿ, ಮನುಷ್ಯರನ್ನೂ ಮಡಿಕೆ ಬಿಚ್ಚಿ ನೋಡುವ ಅಭ್ಯಾಸ.

"ಅಬಬಬ, ಅಣ್ಣಾರದ ಮಾರಿ, ಅಣ್ಣಾರದ ಮೂಗು! ನೀವು ಸಂಗಯ್ಯನವರ ತಮ್ಮಾರೇನ್ರಿ? ದೇವರ ಕಳಿಸಿದಂಗ ಬಂದ್ರಿ ನೋಡ್ರಿ. ಮರಣೋತ್ತರ ಸನ್ಮಾನ ಅಂತ ಠರಾವ್ ಮಾಡೇವಿ, ತಗೊಳ್ಳಾಕ ಮನಿಯವರು ಯಾರೂ ಇಲ್ಲಂತ ತಲಿ ಕೆಟ್ಟಿತ್ತು."

"ಒಮ್ಮೆ ಫೋನ್ ಮಾಡಿ ಕೇಳಬಾರದಾಗಿತ್ತೇನ್ರಿ?" ಎಂದು ಬಸವಂತ ಒರಲಿದ.

"ಏನಂತ ಕೇಳೂದ್ರಿ? 'ಅಜ್ಜಾರ, ಸತ್ತೀರೇನ್ರಿ' ಅಂತ ಕೇಳೂದೇನ್ರಿ? ಅವರ ನಂಬರಿಂದ ಫೋನ್ ಬಂದವು. ಅಳೂದು ಕೇಳೂ ಧೈರ್ಯ ಆಗಲಿಲ್ಲ, ಎತ್ತಲಿಲ್ಲ. ಜೀವಂತ ಇದ್ದವರ ಸನ್ಮಾನ ಮುದಕಪ್ಪಗ ಕೊಟ್ಟೇವಿ. ಅಕಾ ನೋಡ್ರಿ, ಕುಂತಾನ."

ವೇದಿಕೆಯ ಮೇಲೆ ಮುದಕಪ್ಪ, ಸಂಗಯ್ಯನವರೊಡನೆ ಅದೇ ಮೇಳದಲ್ಲಿ ಜೀವನವಿಡೀ ತಾಳ ಹಿಡಿದವನು, ಹೊಸ ಪಟಗಾ ಸುತ್ತಿಕೊಂಡು, ಗೆಳೆಯನ ಸಾವಿಗೆ ಅಳಬೇಕೋ ಸನ್ಮಾನಕ್ಕೆ ನಗಬೇಕೋ ತಿಳಿಯದೆ ಎರಡನ್ನೂ ಮಾಡುತ್ತ ಕುಳಿತಿದ್ದ. ಯಾರೋ ಮೈಕಿನಲ್ಲಿ, ಸಂಗಯ್ಯನವರಂಥ ಕಲಾವಿದ ಈ ನಾಡಿನಲ್ಲಿ ಮತ್ತೆ ಹುಟ್ಟುವುದಿಲ್ಲ ಎಂದು ಗದ್ಗದಿಸುತ್ತಿದ್ದರು.

"ಕಳಕಪ್ಪನವರ, ಇವರು ತಮ್ಮ ಅಲ್ರಿ, ಇವರು..." ಎಂದು ಬಸವಂತ ಆರಂಭಿಸಿದ. ಸಂಗಯ್ಯನವರು ಅವನ ತೋಳನ್ನು ಗಟ್ಟಿಯಾಗಿ ಹಿಡಿದರು.

"ಹೌದ್ರಿ, ನಾ ಅವನ ತಮ್ಮ," ಎಂದರು. ಕಳಕಪ್ಪ ಮುಂದೆ ಹೋದ ಮೇಲೆ ಬಸವಂತನ ಕಿವಿಯಲ್ಲಿ, "ಮುದಕಪ್ಪನ ಪಟಗಾ ಬಿಚ್ಚಸೂದು ಬ್ಯಾಡೋ. ಪಾಪ, ಅವಗೂ ಇದ ಮೊದಲನೇದು. ಅದೂ ಅಲ್ದ, ಒಳಗ ಏನೇನ ಅಂತಾರ ಒಂದೀಟು ಕೇಳೂಣು," ಎಂದರು.

ಮುದಕಪ್ಪನಿಗೆ ಕಣ್ಣಿನ ಪೊರೆ. ವೇದಿಕೆ ಏರಿ ಬಂದ ಗೆಳೆಯನ ಕೈಯನ್ನೇ ಹಿಡಿದುಕೊಂಡು, "ನಿಮ್ಮಣ್ಣ ಹೋದನಲ್ಲಪ್ಪೋ," ಎಂದು ಅತ್ತ. ಕಳಕಪ್ಪ ಮೈಕಿನಲ್ಲಿ ಹೆಸರು ಕೇಳಿದ. ಇಲ್ಲದ ತಮ್ಮನಿಗೆ ಯಾವ ಹೆಸರು? ವೇದಿಕೆಯ ಕೆಳಗೆ ಬೆವರಿ ತೊಯ್ದು ನಿಂತ ಬಸವಂತ ಸಂಗಯ್ಯನವರ ಕಣ್ಣಿಗೆ ಬಿದ್ದ.

"ಬಸವಂತಯ್ಯ ಅಂತ್ರಿ. ಹುನಗುಂದದಾಗ ಇರ್ತೇನಿ."

ಅಷ್ಟು ಹೇಳಿ ಅವರು ಅಣ್ಣನನ್ನು ನೆನೆದು ಅತ್ತರು. ಬಯಲಾಟದ ಎಷ್ಟೋ ರಾಣಿಯರ ದುಃಖವೆಲ್ಲ ಒಟ್ಟುಗೂಡಿ ಬಂದಂತೆ ಅತ್ತರು. ಸಭೆಯಲ್ಲಿ ಸೆರಗು ಒದ್ದೆಯಾಗದ ಹೆಂಗಸು ಇರಲಿಲ್ಲ. ಕಳಕಪ್ಪ ಶಾಲಿನ ತುದಿಯಿಂದಲೇ ಮೂಗು ಒರೆಸಿಕೊಂಡು ಅದೇ ಶಾಲನ್ನು ಅವರಿಗೆ ಹೊದಿಸಿದ. ಸುದ್ದಿತಾಣದವರು ಎಲ್ಲವನ್ನೂ ಚಿತ್ರಸಹಿತ ಅಲ್ಲಿಂದಲೇ ಪ್ರಕಟಿಸಿದರು.

ಮರಳಿ ಬರುವಾಗ ಹುನಗುಂದದ ಹೊರಗೆ ಬಸವಂತನ ಫೋನು ಜೇಬಿನಲ್ಲಿ ಸಿಕ್ಕ ಕಪ್ಪೆಯಂತೆ ಒದ್ದಾಡತೊಡಗಿತು. ಗಾಡಿ ನಿಲ್ಲಿಸಿ ನೋಡಿದ. ನಿಯಮಪಾಲಕರು ಬರೆದಿದ್ದರು:

'ಮಾನ್ಯ ಬಸವಂತಯ್ಯನವರೇ, ತಾವು ದಿವಂಗತರ ಒಡಹುಟ್ಟಿದ ತಮ್ಮ ಎಂಬುದು ಈಗ ಪ್ರಕಟವಾದ ವರದಿಯಿಂದ ತಿಳಿಯಿತು. ಅಣ್ಣನ ಅಗಲಿಕೆಯನ್ನು ಒಪ್ಪಿಕೊಳ್ಳಲಾರದೆ, ಅವರು ಬದುಕಿದ್ದಾರೆ ಎಂದು ತಾವು ಬೆಳಗಿನಿಂದ ಬರೆಯುತ್ತಿದ್ದುದರ ಸಂಕಟ ಅರ್ಥವಾಗುತ್ತದೆ. ನನ್ನ ಕಠಿಣ ಮಾತುಗಳಿಗೆ ಕ್ಷಮೆಯಿರಲಿ. ಆದರೆ ರಕ್ತಸಂಬಂಧಿಗಳ ಬಗ್ಗೆ ಬರೆಯುವುದು ನಿಯಮಬಾಹಿರ. ಆದ್ದರಿಂದ ತಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ. ಶಿವನು ತಮಗೆ ಶಾಂತಿ ಕೊಡಲಿ.'

ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಓದಿ ಮುಗಿಯುವ ಮೊದಲೇ ಹೆಂಡತಿ ಮಹಾನಂದಾಳ ಫೋನು.

"ಎಲ್ಲಿ ಅದೀರಿ? ಲಕ್ಷ್ಮಪ್ಪನವರು ಆಫೀಸಿನ ಮಂದಿನ್ನೆಲ್ಲಾ ಕರಕೊಂಡು ಬಂದು ಪಡಸಾಲ್ಯಾಗ ಕುಂತಾರ. ನೀವು ಆ ಸಂಗಯ್ಯಜ್ಜನ ತಮ್ಮ ಅಂತ ಜನಕೋಶದಾಗ ಬಂದೈತಿ, ಬಸವಂತ ಇಷ್ಟು ವರ್ಷ ಬಾಜೂಕ ಕುಂತು ಅಣ್ಣನ ಸುದ್ದಿ ಮುಚ್ಚಿಟ್ಟ ಅಂತ ಕಣ್ಣೀರು ಹಾಕಾಕತ್ತಾರ. ನಾ ನಿಮ್ಮನ್ನ ಮದಿವಿ ಆಗಿ ಇಷ್ಟು ವರ್ಷ ಆತು, ನನಗೂ ಹೇಳಲಿಲ್ಲಲ್ರಿ! ಓಣಿಯವರು ಅಡಗಿ ಮಾಡಬ್ಯಾಡ ಅಂತ ಒಲಿ ಆರಿಸಿಬಿಟ್ಟಾರ."

ಬಸವಂತ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತ. ತಿದ್ದಲು ಖಾತೆಯಿಲ್ಲ, ಬಾಯಿಯಿಂದ ಹೇಳಿದರೆ ಅದು ಸ್ವಂತ ಸಂಶೋಧನೆ. ಸಂಗಯ್ಯನವರು ಶಾಲು ಸರಿಮಾಡಿಕೊಂಡು, ಎಲ್ಲವನ್ನೂ ಕೇಳಿ, ಅವನ ಬೆನ್ನು ಸವರಿದರು.

"ಏಳಪ್ಪಾ, ನಿಮ್ಮ ಮನಿಗೆ ನಡಿ," ಎಂದರು. "ಇಂಥಾ ದುಃಖದಾಗ ನಿನ್ನ ಒಬ್ಬನ್ನ ಬಿಟ್ಟು ನಾ ಹ್ಯಾಂಗ ಹೋಗ್ಲಿ?"